ಮುಖಗವಸಿನ ಮೇಲಿನ ಅಂಕೆ

2020ರ ಕೊರೋನಾ ಪಿಡುಗಿನ ಕಾಲದಿಂದ ‘ಎನ್ 95’ ಎಂಬ ಹೆಸರು ಮನೆಮನೆಯ ಮಾತಾಗಿದೆ. ಆದರೆ ಆ ಅಕ್ಷರಕ್ಕೂ ಅಂಕೆಗೂ ಅರ್ಥವೇನೆಂದು ಕೇಳಿದರೆ ಉತ್ತರ ಕೊಡಬಲ್ಲವರು ವಿರಳ. ಅದನ್ನು ಇಲ್ಲಿ ವಿಚಾರಿಸೋಣ.

ಈ ವರ್ಗೀಕರಣವು 1995ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದಿತು. ‘ಎನ್’ ಎಂಬುದು ಈ ಗವಸು ಎಣ್ಣೆಯ ತುಂತುರನ್ನು ತಾಳಲಾರದೆಂಬುದರ ಸೂಚನೆ. ಉಪ್ಪಿನ ಅತಿಸೂಕ್ಷ್ಮ ಕಣಗಳು ತುಂಬಿದ ಗಾಳಿಯನ್ನು ನಿಮಿಷಕ್ಕೆ 85 ಲೀಟರಿನಂತೆ ಹಾಯಿಸಿದಾಗ, ನೂರಕ್ಕೆ 95 ಪಾಲಿಗೆ ಕಡಮೆಯಾಗದಂತೆ ಗವಸು ತಡೆಯಬೇಕು. ಇದೇ ಆ ಅಂಕೆಯ ಅರ್ಥ.

ಆ ಕಣಗಳ ಗಾತ್ರ ಸುಮಾರು 0.3 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಇದಕ್ಕಿಂತ ಚಿಕ್ಕ ಕಣವು ಸುಲಭವಾಗಿ ನುಸುಳಬೇಕಲ್ಲವೇ ಎಂದು ವಾಚಕರು ಕೇಳಬಹುದು. ಹಾಗಲ್ಲ. ಗವಸು ಜರಡಿಯಲ್ಲ, ನೂಲುಗಳ ಅಡವಿ. ದೊಡ್ಡ ಕಣಗಳು ಗಾಳಿಯೊಡನೆ ತಿರುಗಲಾರದೆ ನೂಲಿಗೆ ಬಡಿಯುತ್ತವೆ. ತೀರ ಚಿಕ್ಕವು ಗಾಳಿಯ ಅಣುಗಳ ತಾಡನದಿಂದ ಅತ್ತಿತ್ತ ಅಲೆದು ನೂಲಿಗೆ ಸಿಕ್ಕಿಬೀಳುತ್ತವೆ. ನಡುವಣ ಗಾತ್ರದವೇ ಹೆಚ್ಚಾಗಿ ತಪ್ಪಿಸಿಕೊಳ್ಳತಕ್ಕವು. ಆದಕಾರಣ ಕಠಿಣ ಪರೀಕ್ಷೆಯಾಗಲೆಂದು ಅಂಥ ಗಾತ್ರವನ್ನೇ ಆರಿಸಿಕೊಂಡರು.

ನೂಲುಗಳಲ್ಲಿ ವಿದ್ಯುದಾವೇಶವೂ ಇದ್ದು, ಕಣಗಳನ್ನು ತನ್ನೆಡೆಗೆ ಸೆಳೆಯುತ್ತದೆ. ಸಾಬೂನಿನಿಂದ ಒಗೆದರೆ ಅಥವಾ ಮದ್ಯಸಾರದಲ್ಲಿ ನೆನೆಸಿದರೆ ಈ ಆವೇಶ ಕುಂದುತ್ತದೆ. ಗವಸು ನೋಟಕ್ಕೆ ಹೊಸದರಂತಿದ್ದರೂ ಅದರ ಸತ್ತ್ವ ಹೋಗಿರುತ್ತದೆ.

ಇನ್ನು ಒಂದು ಲೆಕ್ಕ ಮಾಡೋಣ. ಗವಸು ಮುಖಕ್ಕೆ ಸರಿಯಾಗಿ ಕೂಡದೆ, ಎಳೆದುಕೊಳ್ಳುವ ಗಾಳಿಯಲ್ಲಿ ಹತ್ತನೆಯ ಒಂದು ಪಾಲು ಪಕ್ಕದ ಸಂದಿನಿಂದ ಬರುತ್ತಿದೆಯೆಂದು ಭಾವಿಸಿರಿ. ಆಗ ನೂರು ಕಣಗಳಲ್ಲಿ ಹತ್ತು ಯಾವ ತಡೆಯೂ ಇಲ್ಲದೆ ಒಳಬರುತ್ತವೆ. ಉಳಿದ 90ರಲ್ಲಿ ನೂರಕ್ಕೆ ಐದರಂತೆ ನಾಲ್ಕೂವರೆ ನುಸುಳುತ್ತವೆ. ಒಟ್ಟು ಹದಿನಾಲ್ಕೂವರೆ! ಐದು ಬರಬೇಕಾದಲ್ಲಿ ಸುಮಾರು ಮೂರು ಪಟ್ಟು ಬಂದಂತಾಯಿತು. ಗವಸಿನ ಮೇಲೆ ಮಾತ್ರ 95 ಎಂದೇ ಅಚ್ಚಾಗಿರುತ್ತದೆ.

ಹೀಗಿರಲು, ಆ ಅಂಕೆ ಗವಸಿನ ಯೋಗ್ಯತೆಯನ್ನು ಹೇಳುತ್ತದೆಯೇ ಹೊರತು ಧರಿಸಿದವನ ರಕ್ಷಣೆಯನ್ನಲ್ಲ. ಚಳಿಗಾಲದ ಹೊಗೆಮಂಜಿನಲ್ಲಾಗಲಿ ರೋಗಿಯ ಶುಶ್ರೂಷೆಯಲ್ಲಾಗಲಿ ಗವಸು ಧರಿಸುವವರು ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಎರಡು ಕೈಗಳಿಂದಲೂ ಒತ್ತಿ ಕೂಡಿಸಬೇಕು. ಪಟ್ಟಿಗಳೆರಡನ್ನೂ ತಲೆಯ ಹಿಂದೆ ಅವುಗಳ ಸ್ಥಾನದಲ್ಲಿ ಬಿಗಿಯಬೇಕು. ಬಳಿಕ ಉಸಿರು ಬಿಟ್ಟು, ಅಂಚಿನಿಂದ ಗಾಳಿ ಸೋರುವುದೇ ಎಂದು ನೋಡಬೇಕು. ಕಾರ್ಖಾನೆಯವರು 95ರ ಹೊಣೆಯನ್ನು ಹೊತ್ತಿದ್ದಾರೆ. ಅಂಚಿನ ಹೊಣೆ ನಮ್ಮದು.