ಬೀದರಿನಿಂದ ರಾಜಧಾನಿಯ ವಿಮಾನ ನಿಲ್ದಾಣಕ್ಕೆ

ಬೀದರ, ಭಾಲ್ಕಿ, ಔರಾದಗಳ ನಮ್ಮ ಹಿರಿಯರಿಗೆ ರಾಜಧಾನಿಯೆಂದರೆ ಹೈದರಾಬಾದು. 1956ನೆಯ ನವೆಂಬರ್ 1ರಂದು ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಲು, ಬೆಂಗಳೂರು ನಮ್ಮ ರಾಜಧಾನಿಯಾಯಿತು. ಹಳೆಯ ರಾಜಧಾನಿಯು ಬಸ್ಸಿನಲ್ಲಿ ಮೂರು ನಾಲ್ಕು ಗಂಟೆಗಳ ದಾರಿ. ಹೊಸದಕ್ಕೆ ರೈಲಿನಲ್ಲಿ ಒಂದು ರಾತ್ರಿ ಕಳೆಯಬೇಕು. ಮಗಳನ್ನು ಕಾಲೇಜಿಗೋ ಸಂದರ್ಶನಕ್ಕೋ ಕಳುಹಿಸಿದ ತಂದೆತಾಯಂದಿರು ಈ ಅಂತರವನ್ನು ಬಲ್ಲರು.

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ದೇವನಹಳ್ಳಿಯ ಸಮೀಪದಲ್ಲಿ 2008ನೆಯ ಮೇ 24ರಂದು ತೆರೆಯಲ್ಪಟ್ಟಿತು. ಅಲ್ಲಿ ತಲಾ 4000 ಮೀಟರು ಉದ್ದದ ಎರಡು ಓಡುದಾರಿಗಳು ಸಮಾನಾಂತರವಾಗಿರುವುವು. ಓಡುದಾರಿಯ ಒಂದು ತುದಿಯಲ್ಲಿ 09, ಇನ್ನೊಂದರಲ್ಲಿ 27 ಎಂದು ಬರೆದಿರುವುದು. ಇವು ದಿಕ್ಸೂಚಿಯ ಅಂಶಗಳು. ಕೊನೆಯ ಸೊನ್ನೆಯನ್ನು ಬಿಟ್ಟಿರುವರು. 90 ಅಂಶವೆಂದರೆ ಮೂಡಲು, 270 ಎಂದರೆ ಪಡುವಲು. ವಿಮಾನವು ಗಾಳಿಗೆ ಎದುರಾಗಿಯೇ ಏಳುವುದೂ ಇಳಿಯುವುದೂ ಲೇಸು. ಗಾಳಿಯು ತಿರುಗಿದರೆ ಬಳಸುವ ತುದಿಯೂ ಬದಲಾಗುವುದು.

ಬೀದರಿನಲ್ಲಿ ವಾಯುಪಡೆಯ ಓಡುದಾರಿಯು ಬಹುಕಾಲದಿಂದಲೂ ಉಂಟು. 2016ನೆಯ ಜೂನಿನಲ್ಲಿ ವಾಯುಪಡೆಗೆ ಸೇರಿದ ದೇಶದ ಮೊದಲ ಮೂವರು ಯುದ್ಧವಿಮಾನ ಚಾಲಕಿಯರಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಇವರು ಹಾಕ್ ವಿಮಾನಗಳಲ್ಲಿ ಪಳಗಿದ್ದು ಇಲ್ಲಿಯೇ. ಅವರ ವಿಮಾನದ ಸದ್ದು ನಮ್ಮ ತರಗತಿಗಳವರೆಗೂ ಕೇಳಿದ್ದಿರಬೇಕು!

ಆದರೆ ಸಾಮಾನ್ಯ ಪ್ರಯಾಣಿಕರಿಗೆ ಆ ದಾರಿಯು ಬೇಗನೆ ದೊರೆಯಲಿಲ್ಲ. ಹೈದರಾಬಾದಿನ ಶಂಷಾಬಾದ್ ನಿಲ್ದಾಣದ ಕರಾರಿನಲ್ಲಿ, 150 ಕಿಲೋಮೀಟರಿನೊಳಗೆ ಬೇರೆ ನಾಗರಿಕ ನಿಲ್ದಾಣವು ಏಳಕೂಡದೆಂಬ ನಿಬಂಧನೆಯಿತ್ತು. ಬೀದರವು ಆ ಮಿತಿಯೊಳಗೇ ಇತ್ತು. ಕಡೆಗೆ ಒಪ್ಪಂದವಾಗಿ, ಹೈದರಾಬಾದಿನ ಆ ಸಂಸ್ಥೆಗೇ ಬೀದರಿನ ಟರ್ಮಿನಲ್ಲಿನ ನಿರ್ವಹಣೆಯು ಒಪ್ಪಿಸಲ್ಪಟ್ಟಿತು. 2020ನೆಯ ಫೆಬ್ರವರಿ 7ರಂದು ಉಡಾನ್ ಯೋಜನೆಯ ಮೇರೆಗೆ ಬೆಂಗಳೂರಿಗೆ ವಿಮಾನವು ಹಾರತೊಡಗಿತು. ರಾತ್ರಿಯ ಪ್ರಯಾಣದ ವೇಳೆಯು ಬಹಳ ಮಟ್ಟಿಗೆ ಇಳಿಯಿತು.

ಈ ಅನುಕೂಲವು ಸ್ಥಿರವಾಗಿ ನಿಲ್ಲಲಿಲ್ಲವೆಂಬುದು ಖೇದಕರ. ಮೊದಲಿನ ಕಂಪನಿಯ ಸೇವೆ ನಿಂತಿತು. 2022ರ ಜೂನಿನಲ್ಲಿ ಇನ್ನೊಂದು ಕಂಪನಿಯು ಆರಂಭಿಸಿ, 2023ರ ಕೊನೆಯಲ್ಲಿ ಅದೂ ನಿಂತಿತು. 2025ರ ಏಪ್ರಿಲಿನಲ್ಲಿ ಮತ್ತೆ ಶುರುವಾಯಿತು. ಸಣ್ಣ ಊರಿನ ವಿಮಾನವು ಸರಕಾರದ ನೆರವನ್ನೂ ತುಂಬಿದ ಆಸನಗಳನ್ನೂ ಅವಲಂಬಿಸಿರುವುದು. ಓಡುದಾರಿಯನ್ನು ಕಟ್ಟಿದ ಮಾತ್ರಕ್ಕೆ ವಿಮಾನವು ಬಾರದು. ಆದುದರಿಂದ ಔರಾದ, ಭಾಲ್ಕಿಗಳಿಂದ ಮಗಳನ್ನು ಕರೆತರುವವರು ವಿಮಾನವು ಯಾವ ದಿನಗಳಲ್ಲಿ ಹೊರಡುವುದೆಂದು ಮುಂಚೆಯೇ ವಿಚಾರಿಸಿ, ರೈಲಿನ ವೇಳೆಯನ್ನೂ ಗುರುತುಹಾಕಿಕೊಳ್ಳುವುದು ಒಳ್ಳೆಯದು.