ಗ್ಲಾಕೋಮಾ ಶಸ್ತ್ರಚಿಕಿತ್ಸೆ: ಜೊತೆಗೆ ಪೊರೆಯೂ ಇದ್ದರೆ?

ಪ್ರಶ್ನೆ: ಐದು ವರ್ಷಗಳಿಂದ ಎರಡೂ ಕಣ್ಣಿಗೆ ಗ್ಲಾಕೋಮಾದ ಹನಿ ಹಾಕಿಕೊಳ್ಳುತ್ತಿರುವ 61 ವರ್ಷದ ತಂದೆಯವರಿಗೆ ಈಗ ಆಪರೇಷನ್ ಆಗಬೇಕೆಂದು ವೈದ್ಯರು ಹೇಳಿದ್ದಾರೆ. ಆಪರೇಷನ್ ಆದರೆ ಹೋದ ದೃಷ್ಟಿ ಮರಳುತ್ತದೆಯೇ? ಮರಳುವುದಿಲ್ಲ ಎಂದಾದರೆ ಆಪರೇಷನ್ ಏಕೆ?

ಉತ್ತರ: ಹೋದ ದೃಷ್ಟಿ ಮರಳುವುದಿಲ್ಲ. ಈ ಮಾತನ್ನು ಮೊದಲೇ ರೋಗಿಗೂ ಮನೆಯವರಿಗೂ ಬಿಡಿಸಿ ಹೇಳದಿದ್ದರೆ, ಎಲ್ಲ ರೀತಿಯಲ್ಲೂ ಸರಿಯಾಗಿ ನಡೆದ ಶಸ್ತ್ರಚಿಕಿತ್ಸೆಯೂ ಅವರ ಪಾಲಿಗೆ ಸೋತಂತೆಯೇ ಕಾಣುತ್ತದೆ. ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್‌ನ ಹಿಂಭಾಗದಲ್ಲಿರುವ ಸಿಲಿಯರಿ ಅಂಗಾಂಶವು ತಿಳಿಯಾದ ದ್ರವವೊಂದನ್ನು ಸದಾ ಸ್ರವಿಸುತ್ತಿರುತ್ತದೆ. ಆ ದ್ರವವು ಪಾಪೆಯ ಮೂಲಕ ಮುಂದಕ್ಕೆ ಬಂದು, ಐರಿಸ್ ಮತ್ತು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಸೇರುವ ಕೋನದಲ್ಲಿರುವ ಟ್ರಾಬೆಕ್ಯುಲರ್ ಜಾಲರಿಯಲ್ಲಿ ಸೋಸಿ ಹೋಗಿ ರಕ್ತನಾಳಗಳನ್ನು ಸೇರುತ್ತದೆ. ಈ ಹೊರದಾರಿಯಲ್ಲಿ ಅಡ್ಡಿಯಾದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಮತ್ತು ಕಣ್ಣಿನಿಂದ ಮೆದುಳಿಗೆ ನೋಟವನ್ನು ಒಯ್ಯುವ ದೃಷ್ಟಿನರದ ಎಳೆಗಳು ಒಂದೊಂದಾಗಿ ಸಾಯತೊಡಗುತ್ತವೆ. ಸತ್ತ ನರದ ಎಳೆಯನ್ನು ಬದುಕಿಸುವ ಔಷಧಿಯಾಗಲಿ, ಲೇಸರ್ ಆಗಲಿ, ಶಸ್ತ್ರಚಿಕಿತ್ಸೆಯಾಗಲಿ ಇಂದಿಗೂ ಇಲ್ಲ. ಇರುವ ಚಿಕಿತ್ಸೆಗಳೆಲ್ಲವೂ ಒತ್ತಡವನ್ನು ಇಳಿಸಿ, ಉಳಿದ ಎಳೆಗಳನ್ನು ಕಾಪಾಡುವುದಕ್ಕಾಗಿಯೇ ಇರುವಂಥವು.

ಸಾಮಾನ್ಯ ಕಣ್ಣಿನ ಒತ್ತಡವು ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್‌ವರೆಗೆ ಇರುತ್ತದೆಯಾದರೂ, ಈಗಾಗಲೇ ಬಹಳಷ್ಟು ಹಾನಿಯಾದ ನರಕ್ಕೆ 20 ಕೂಡ ಹೆಚ್ಚೇ ಆಗಬಹುದು. ಅಮೆರಿಕದಲ್ಲಿ ಮುಂದುವರಿದ ಗ್ಲಾಕೋಮಾವನ್ನು ಕುರಿತು ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರತಿ ತಪಾಸಣೆಯಲ್ಲೂ ಒತ್ತಡ 18ಕ್ಕಿಂತ ಕೆಳಗೇ ಇದ್ದವರ ದೃಷ್ಟಿಕ್ಷೇತ್ರವು, ಅಂದರೆ ನೇರ ನೋಟದ ಸುತ್ತಮುತ್ತ ಕಾಣುವ ವಿಸ್ತಾರವು, ಸರಾಸರಿ ಲೆಕ್ಕದಲ್ಲಿ ಆರು ವರ್ಷಗಳ ಕಾಲ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಎರಡು ಮೂರು ಬಗೆಯ ಹನಿ ಹಾಕಿದರೂ ಒತ್ತಡ ಬೇಕಾದ ಮಟ್ಟಕ್ಕೆ ಇಳಿಯದಿದ್ದಾಗ, ಇಳಿದರೂ ಫೀಲ್ಡ್ ಟೆಸ್ಟ್‌ನಲ್ಲಿ ಹಾನಿ ಮುಂದುವರಿಯುತ್ತಿರುವುದು ಕಂಡಾಗ, ಹನಿ ಒಗ್ಗದೆ ಕಣ್ಣು ಸದಾ ಕೆಂಪಾಗಿ ಉರಿಯುವಾಗ, ಅಥವಾ ತಿಂಗಳು ತಿಂಗಳೂ ಔಷಧಿ ಕೊಳ್ಳುವುದು ಮನೆಗೆ ಭಾರವಾಗಿ ಹನಿ ನಡುನಡುವೆ ತಪ್ಪುತ್ತಿರುವಾಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಕೊನೆಯ ಕಾರಣವನ್ನು ವೈದ್ಯರ ಮುಂದೆ ಹೇಳಿಕೊಳ್ಳಲು ರೋಗಿಗಳು ಸಂಕೋಚಪಡುವುದುಂಟು. ಆದರೆ ಚಿಕಿತ್ಸೆಯ ನಿರ್ಧಾರಕ್ಕೆ ಅದು ಉಳಿದ ಕಾರಣಗಳಷ್ಟೇ ಮುಖ್ಯ.

ಪ್ರಶ್ನೆ: ಟ್ರಾಬೆಕ್ಯುಲೆಕ್ಟಮಿ ಎಂಬ ಆಪರೇಷನ್‌ನಲ್ಲಿ ನಿಜವಾಗಿ ಏನು ಮಾಡುತ್ತಾರೆ?

ಉತ್ತರ: ಮುಚ್ಚಿಹೋದ ಹಳೆಯ ದಾರಿಯನ್ನು ಬಿಟ್ಟು, ದ್ರವಕ್ಕೆ ಹೊಸದೊಂದು ದಾರಿಯನ್ನು ಮಾಡಿಕೊಡುತ್ತಾರೆ. ಮೇಲಿನ ರೆಪ್ಪೆಯ ಮರೆಯಲ್ಲಿ, ಕಣ್ಣಿನ ಬಿಳಿಭಾಗವನ್ನು ಹೊದ್ದಿರುವ ಕಂಜಂಕ್ಟೈವಾ ಎಂಬ ತೆಳುಪೊರೆಯನ್ನು ಎತ್ತಿ, ಅದರ ಕೆಳಗಿನ ಗಟ್ಟಿ ಬಿಳಿಗೋಡೆಯಾದ ಸ್ಕ್ಲೀರಾದಲ್ಲಿ ಅರ್ಧ ದಪ್ಪದಷ್ಟು ಮಾತ್ರ ಒಂದು ಪುಟ್ಟ ಕದದಂತೆ ಬಿಡಿಸಿ, ಅದರಡಿಯಲ್ಲಿ ಕಣ್ಣಿನೊಳಕ್ಕೆ ಸಣ್ಣ ರಂಧ್ರವನ್ನು ಮಾಡಿ, ಐರಿಸ್ ಬಂದು ಆ ರಂಧ್ರಕ್ಕೆ ಅಡ್ಡ ನಿಲ್ಲದಂತೆ ಅದರ ಅಂಚಿನಿಂದಲೂ ಒಂದು ಚೂರನ್ನು ತೆಗೆದು, ಬಿಡಿಸಿದ ಭಾಗವನ್ನು ಹದವಾದ ಬಿಗಿಯಲ್ಲಿ ಹೊಲಿಯಲಾಗುತ್ತದೆ. ಹೊಲಿಗೆಯ ಸಂದಿನಿಂದ ನಿಧಾನವಾಗಿ ಜಿನುಗುವ ದ್ರವವು ಕಂಜಂಕ್ಟೈವಾದ ಅಡಿಯಲ್ಲಿ ಸಣ್ಣ ಉಬ್ಬಾಗಿ ಸೇರಿ, ಅಲ್ಲಿಂದ ಸುತ್ತಲಿನ ಅಂಗಾಂಶದಲ್ಲಿ ಇಂಗಿಹೋಗುತ್ತದೆ. ಆ ಉಬ್ಬಿಗೆ ಬ್ಲೆಬ್ ಎನ್ನುತ್ತಾರೆ.

ಈ ವಿಚಾರದ ಬೇರು ದಕ್ಷಿಣ ಭಾರತದಲ್ಲೂ ಇದೆ. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಅವರು 1909ರ ಸುಮಾರಿಗೆ ಸ್ಕ್ಲೀರಾದ ಅಂಚಿನಲ್ಲಿ ದುಂಡನೆಯ ರಂಧ್ರವನ್ನು ಕೊರೆಯುವ ವಿಧಾನವನ್ನು ಬಳಕೆಗೆ ತಂದರು. ಅದು ಹಲವು ದಶಕಗಳ ಕಾಲ ಲೋಕದ ಅನೇಕ ಕಡೆ ನಡೆಯಿತು. ಆ ರಂಧ್ರದ ಮೇಲೆ ತೆಳುಪೊರೆಯೊಂದನ್ನು ಬಿಟ್ಟರೆ ಬೇರೆ ಮುಚ್ಚಳವಿರಲಿಲ್ಲವಾದ್ದರಿಂದ ಒತ್ತಡ ವಿಪರೀತ ಇಳಿಯುವುದು, ವರ್ಷಗಳ ನಂತರವೂ ಸೋಂಕು ಒಳನುಗ್ಗುವುದು ನಡೆಯುತ್ತಿತ್ತು. ಕೇಂಬ್ರಿಡ್ಜ್‌ನ ಜಾನ್ ಕೇರ್ನ್ಸ್ ಅವರು 1968ರಲ್ಲಿ ರಂಧ್ರದ ಮೇಲೆ ಸ್ಕ್ಲೀರಾದ ಮುಚ್ಚಳವನ್ನಿರಿಸುವ ಟ್ರಾಬೆಕ್ಯುಲೆಕ್ಟಮಿಯನ್ನು ವಿವರಿಸಿದರು. ಜಾಲರಿಯ ತುಂಡೊಂದನ್ನು ತೆಗೆದರೆ ಕಣ್ಣಿನ ಸಹಜ ಕಾಲುವೆಯೇ ತೆರೆದುಕೊಳ್ಳುತ್ತದೆ ಎಂಬುದು ಅವರ ಎಣಿಕೆಯಾಗಿತ್ತು. ಆದರೆ ಗುಣ ಕಂಡದ್ದು ಮುಖ್ಯವಾಗಿ ಮುಚ್ಚಳದ ಸಂದಿನಿಂದ ದ್ರವ ಹೊರಗೆ ಜಿನುಗಿದ್ದರಿಂದ ಎಂಬುದು ಆಮೇಲೆ ತಿಳಿಯಿತು. ಹೆಸರು ಮಾತ್ರ ಹಳೆಯ ಎಣಿಕೆಯದೇ ಉಳಿದುಕೊಂಡಿದೆ.

ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಗಾಯ ಬೇಗ ಮಾಯಲಿ ಎಂದು ಬಯಸಿದರೆ, ಇಲ್ಲಿ ಅದು ಪೂರ್ತಿ ಮಾಯಬಾರದು ಎಂದೇ ಬಯಸಬೇಕಾಗುತ್ತದೆ. ದೇಹವು ಗಾಯದ ಕಲೆಯಿಂದ ಹೊಸ ದಾರಿಯನ್ನು ಮುಚ್ಚಿಬಿಟ್ಟರೆ ಒತ್ತಡ ಮತ್ತೆ ಏರುತ್ತದೆ. ಇದನ್ನು ತಡೆಯಲು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಮೈಟೊಮೈಸಿನ್ ಎಂಬ ಔಷಧಿಯನ್ನು ಬಹಳ ಕಡಿಮೆ ಪ್ರಮಾಣದಲ್ಲಿ, ಕೆಲವೇ ನಿಮಿಷಗಳ ಕಾಲ ಆ ಜಾಗಕ್ಕೆ ತಾಗಿಸುತ್ತಾರೆ. ಇದನ್ನು ಕೇಳಿ ಕಣ್ಣಿನಲ್ಲಿ ಕ್ಯಾನ್ಸರ್ ಇದೆಯೇನೋ ಎಂದು ಗಾಬರಿಯಾಗಬೇಕಿಲ್ಲ.

ಪ್ರಶ್ನೆ: ತಾಯಿಯವರಿಗೆ 68 ವರ್ಷ. ಪೊರೆಯೂ ಬಂದಿದೆ, ಗ್ಲಾಕೋಮಾವೂ ಇದೆ. ಎರಡನ್ನೂ ಒಂದೇ ಸಲ ಮಾಡಿಸುವುದು ಒಳ್ಳೆಯದೇ, ಬೇರೆಬೇರೆ ಮಾಡಿಸುವುದೇ? ಒಬ್ಬ ವೈದ್ಯರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ.

ಉತ್ತರ: ಇಬ್ಬರು ವೈದ್ಯರ ಮಾತು ಬೇರೆಯಾದ ಮಾತ್ರಕ್ಕೆ ಅವರಲ್ಲೊಬ್ಬರು ತಪ್ಪು ಹೇಳಿದ್ದಾರೆಂದು ತಿಳಿಯಬಾರದು, ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲಿಲ್ಲ. ಆ ಕಣ್ಣಿಗೆ ಎರಡು ರೋಗಗಳಲ್ಲಿ ಯಾವುದು ಹೆಚ್ಚು ಅಪಾಯಕಾರಿ ಎಂಬುದರ ಮೇಲೆ ನಿರ್ಧಾರ ನಿಂತಿದೆ. ಪೊರೆ ಎಂದರೆ ಪಾಪೆಯ ಹಿಂದಿರುವ ಸ್ವಾಭಾವಿಕ ಮಸೂರ ಮಬ್ಬಾಗುವುದು. ಅದನ್ನು ತೆಗೆದು ಕೃತಕ ಮಸೂರವನ್ನು ಕೂರಿಸಿದರೆ ಅದರಿಂದ ಕುಂದಿದ ನೋಟ ಮರಳುತ್ತದೆ, ಕೆಲವು ತಿಂಗಳು ತಡವಾದರೂ ಸಾಮಾನ್ಯವಾಗಿ ದೊಡ್ಡ ನಷ್ಟವಿಲ್ಲ. ಗ್ಲಾಕೋಮಾದಲ್ಲಿ ತಡವಾದಷ್ಟೂ ಕಳೆದದ್ದು ಕಳೆದೇಹೋಗುತ್ತದೆ.

ಗ್ಲಾಕೋಮಾ ಆರಂಭದ ಹಂತದಲ್ಲಿದ್ದು ಒಂದೆರಡು ಹನಿಗಳಿಗೆ ಬಗ್ಗುತ್ತಿದ್ದರೆ, ಫೇಕೋ ಎಂದು ಕರೆಯುವ, ಸಣ್ಣ ರಂಧ್ರದ ಮೂಲಕ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ವಿಧಾನವಷ್ಟೇ ಸಾಕಾಗುತ್ತದೆ. ದ್ರವ ಹೊರಹೋಗುವ ಕೋನ ಮುಚ್ಚದೆ ತೆರೆದೇ ಇರುವ ಗ್ಲಾಕೋಮಾದಲ್ಲಿ ಪೊರೆ ತೆಗೆಯುವುದರಿಂದಲೇ ಒತ್ತಡ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್‌ನಷ್ಟು ಇಳಿಯುತ್ತದೆ. ಅದಕ್ಕೆ ವಿರುದ್ಧವಾಗಿ, ದೃಷ್ಟಿನರ ಬಹಳ ಹಾನಿಗೊಂಡು, ಒತ್ತಡವನ್ನು ಹತ್ತು ಹನ್ನೆರಡಕ್ಕೆ ಇಳಿಸಲೇಬೇಕಾಗಿ, ಪೊರೆ ಇನ್ನೂ ತೆಳುವಾಗಿದ್ದರೆ, ಮೊದಲು ಟ್ರಾಬೆಕ್ಯುಲೆಕ್ಟಮಿಯೊಂದನ್ನೇ ಮಾಡುವುದು ಲೇಸು. ಏಕೆಂದರೆ ಪೊರೆ ತೆಗೆದ ಕಣ್ಣಿನಲ್ಲಿ ಏಳುವ ಉರಿಯೂತವು ಗಾಯದ ಕಲೆಯನ್ನು ಹೆಚ್ಚಿಸುತ್ತದೆಯಾದ್ದರಿಂದ, ಎರಡನ್ನೂ ಸೇರಿಸಿ ಮಾಡಿದಾಗ ಒತ್ತಡವು ಟ್ರಾಬೆಕ್ಯುಲೆಕ್ಟಮಿಯೊಂದನ್ನೇ ಮಾಡಿದಾಗ ಇಳಿಯುವಷ್ಟು ಇಳಿಯುವುದಿಲ್ಲ. ಆದರೆ ಈ ಕ್ರಮಕ್ಕೂ ಒಂದು ಬೆಲೆಯಿದೆ: ಟ್ರಾಬೆಕ್ಯುಲೆಕ್ಟಮಿಯ ನಂತರ ಪೊರೆ ಬೇಗ ಬಲಿಯುತ್ತದೆ, ಆಗ ಅದನ್ನು ತೆಗೆಯಹೋದರೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಬ್ಲೆಬ್ ಕುಗ್ಗುವ ಭಯವಿರುತ್ತದೆ. ಈ ಕಾರಣದಿಂದ ಎರಡರ ನಡುವೆ ಕನಿಷ್ಠ ಆರು ತಿಂಗಳಾದರೂ ಅಂತರವಿರಲೆಂದು ಅನೇಕ ವೈದ್ಯರು ಬಯಸುತ್ತಾರೆ.

ಇವೆರಡರ ನಡುವಿನ ಸ್ಥಿತಿಯಲ್ಲಿ, ಅಂದರೆ ಪೊರೆಯಿಂದ ದಿನದ ಕೆಲಸಕ್ಕೆ ತೊಂದರೆಯಾಗುತ್ತಿದ್ದು, ಹನಿ ಮತ್ತು ಲೇಸರ್‌ಗಳಿಗೂ ಒತ್ತಡ ಹತೋಟಿಗೆ ಬಾರದಿದ್ದಾಗ, ಒಟ್ಟಿಗೆ ಮಾಡುವ ಫೇಕೋ-ಟ್ರಾಬೆಕ್ಯುಲೆಕ್ಟಮಿ ಸೂಕ್ತವಾಗುತ್ತದೆ. ಎರಡನ್ನೂ ಮೇಲ್ಭಾಗದ ಒಂದೇ ಜಾಗದಿಂದ ಮಾಡಬಹುದು, ಅಥವಾ ಪೊರೆಯನ್ನು ಕಿವಿಯ ಕಡೆಯ ಪಕ್ಕದಿಂದ ತೆಗೆದು ಟ್ರಾಬೆಕ್ಯುಲೆಕ್ಟಮಿಯನ್ನು ಮೇಲ್ಭಾಗದಲ್ಲಿ ಮಾಡಬಹುದು. ಒಂದೇ ಸಲ ಆಸ್ಪತ್ರೆಗೆ ಸೇರುವುದು, ಒಂದೇ ಸಲದ ಖರ್ಚು, ಜೊತೆಗೆ ಬರುವ ಮಗನೋ ಮಗಳೋ ಒಂದೇ ಸಲ ರಜೆ ಹಾಕಿದರೆ ಸಾಕೆನ್ನುವುದು ಊರಿನಿಂದ ಬರುವವರಿಗೆ ಸಣ್ಣ ಸಂಗತಿಗಳಲ್ಲ. ಆದರೆ ಮರುತಪಾಸಣೆಗಳನ್ನು ಒಂದೇ ಸಲಕ್ಕೆ ಮುಗಿಸಲಾಗದು. ಮೊದಲ ಕೆಲವು ವಾರಗಳಲ್ಲಿ ಹೊಲಿಗೆ ಸಡಿಲಿಸುವುದು, ಬ್ಲೆಬ್ ನೋಡುವುದು ಇವುಗಳಿಗಾಗಿ ಹಲವು ಬಾರಿ ಬರಲೇಬೇಕು, ಮತ್ತು ಆಪರೇಷನ್‌ನ ಅರ್ಧ ಯಶಸ್ಸು ಇರುವುದೇ ಅಲ್ಲಿ. ಇನ್ನೊಂದು ಮಾತು: ನೆರೆಮನೆಯವರಿಗೆ ಪೊರೆ ತೆಗೆಸಿದ ಮರುದಿನವೇ ಚೆನ್ನಾಗಿ ಕಂಡಿತೆಂಬ ಹೋಲಿಕೆ ಇಲ್ಲಿ ಒಪ್ಪುವುದಿಲ್ಲ. ಜೋಡಿ ಶಸ್ತ್ರಚಿಕಿತ್ಸೆಯ ನಂತರ ನೋಟ ಸ್ಥಿರವಾಗಲು ವಾರಗಳೇ ಬೇಕಾಗಬಹುದು, ಕನ್ನಡಕದ ನಂಬರ್ ಬರೆಸುವುದೂ ಆಮೇಲೆಯೇ.

ಪ್ರಶ್ನೆ: ಪೊರೆ ತೆಗೆಯುವಾಗಲೇ ಸಣ್ಣ ಸ್ಟೆಂಟ್ ಹಾಕಿದರೆ ದೊಡ್ಡ ಆಪರೇಷನ್ ಬೇಕಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ಎಲ್ಲರ ವಿಷಯದಲ್ಲೂ ನಿಜವಲ್ಲ. ಸುಮಾರು ಒಂದು ಮಿಲಿಮೀಟರ್ ಉದ್ದದ ಟೈಟೇನಿಯಂ ಕೊಳವೆಯನ್ನು ಜಾಲರಿಯ ಮೂಲಕ ಸಹಜ ಕಾಲುವೆಯೊಳಕ್ಕೆ ಕೂರಿಸುವ ಐಸ್ಟೆಂಟ್‌ಗೆ, ಪೊರೆ ಶಸ್ತ್ರಚಿಕಿತ್ಸೆಯ ಜೊತೆಯಲ್ಲಿ ಬಳಸಲು, ಅಮೆರಿಕದಲ್ಲಿ 2012ರಲ್ಲಿ ಅನುಮತಿ ದೊರೆಯಿತು. ಸ್ಟೆಂಟ್ ಇಲ್ಲದೆ, ವಿಶೇಷ ಅಲಗಿನಿಂದಲೋ ಬಾಗಿಸಿದ ಸಾಮಾನ್ಯ ಸೂಜಿಯಿಂದಲೋ ಜಾಲರಿಯನ್ನು ಒಳಗಿನಿಂದಲೇ ಸೀಳುವ ಗೋನಿಯಾಟಮಿಯೂ ಇದೇ ಗುಂಪಿಗೆ ಸೇರುತ್ತದೆ. ಸೂಜಿಯ ವಿಧಾನಕ್ಕೆ ತಗಲುವ ಹೆಚ್ಚುವರಿ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಇವುಗಳಲ್ಲಿ ಬ್ಲೆಬ್ ಇರುವುದಿಲ್ಲ, ಅಪಾಯ ಕಡಿಮೆ, ಚೇತರಿಕೆ ಬೇಗ. ಆದರೆ ಒತ್ತಡ ಇಳಿಯುವುದೂ ಮಿತವಾಗಿಯೇ. ಆರಂಭದ ಅಥವಾ ಮಧ್ಯಮ ಹಂತದಲ್ಲಿದ್ದು ಹನಿಗಳ ಸಂಖ್ಯೆಯನ್ನು ತಗ್ಗಿಸಬೇಕೆನ್ನುವವರಿಗೆ ಇವು ಒಪ್ಪುತ್ತವೆ. ನರ ಬಹುತೇಕ ಸೊರಗಿಹೋದವರಿಗೆ ಇವುಗಳನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ.

ಹೊಸದೆಂಬ ಒಂದೇ ಕಾರಣಕ್ಕೆ ಮರುಳಾಗಬಾರದೆನ್ನುವುದಕ್ಕೆ ಸೈಪಾಸ್ ಎಂಬ ಸ್ಟೆಂಟ್ ಸಾಕ್ಷಿ. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅದನ್ನು, ಐದು ವರ್ಷಗಳ ತಪಾಸಣೆಯಲ್ಲಿ ಕಾರ್ನಿಯಾದ ಒಳಪದರದ ಜೀವಕೋಶಗಳು ಹೆಚ್ಚಾಗಿ ನಶಿಸುತ್ತಿರುವುದು ಕಂಡುಬಂದ ಮೇಲೆ, 2018ರಲ್ಲಿ ತಯಾರಕರೇ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡರು.

ಪ್ರಶ್ನೆ: ಕೋನ ಮುಚ್ಚಿದ ಗ್ಲಾಕೋಮಾ ಎಂದು ಹೇಳಿದ ವೈದ್ಯರು, ಪೊರೆ ಬಲಿಯದಿದ್ದರೂ ಮಸೂರ ತೆಗೆಸಿ ಎನ್ನುತ್ತಿದ್ದಾರೆ. ಇದು ಅನಗತ್ಯವಲ್ಲವೇ?

ಉತ್ತರ: ಅನುಮಾನ ಸಹಜವಾದರೂ ಸಲಹೆಗೆ ಗಟ್ಟಿಯಾದ ಆಧಾರವಿದೆ. ವಯಸ್ಸಾದಂತೆ ಮಸೂರ ದಪ್ಪವಾಗುತ್ತಾ ಹೋಗಿ, ಚಿಕ್ಕ ಕಣ್ಣುಗಳಲ್ಲಿ ಐರಿಸ್ಸನ್ನು ಮುಂದಕ್ಕೆ ತಳ್ಳಿ, ದ್ರವ ಹೊರಹೋಗುವ ಕೋನವನ್ನೇ ಮುಚ್ಚಿಬಿಡುತ್ತದೆ. ಇಂಥ ಗ್ಲಾಕೋಮಾ ಏಷ್ಯಾದ ಜನರಲ್ಲಿ ಹೆಚ್ಚು. ಐರಿಸ್‌ನಲ್ಲಿ ಲೇಸರ್‌ನಿಂದ ಕಿಂಡಿ ಮಾಡುವುದು ಇದಕ್ಕೆ ರೂಢಿಯ ಚಿಕಿತ್ಸೆ. ಐದು ದೇಶಗಳ 419 ರೋಗಿಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಈಗಲ್ ಅಧ್ಯಯನದಲ್ಲಿ, ಪೊರೆಯಿಲ್ಲದ ತಿಳಿ ಮಸೂರವನ್ನೇ ತೆಗೆದವರಿಗೆ ಲೇಸರ್ ಮಾಡಿಸಿಕೊಂಡವರಿಗಿಂತ ಒತ್ತಡವೂ ಜೀವನದ ಗುಣಮಟ್ಟವೂ ಉತ್ತಮವಾಗಿದ್ದವು, ಹನಿಗಳ ಅಗತ್ಯವೂ ಕಡಿಮೆಯಿತ್ತು. ಆದರೆ ಅದರಲ್ಲಿದ್ದವರು 50 ದಾಟಿದವರು. ಅವರಿಗೆ ಈಗಾಗಲೇ ಗ್ಲಾಕೋಮಾ ಇತ್ತು, ಇಲ್ಲವೇ ಕೋನ ಮುಚ್ಚಿ ಒತ್ತಡ 30 ಅಥವಾ ಅದಕ್ಕೂ ಮೇಲೆ ಇತ್ತು. ಕೋನ ಕಿರಿದಾಗಿದೆ ಎಂಬಷ್ಟಕ್ಕೇ ನಲವತ್ತರ ವಯಸ್ಸಿನವರ ಮಸೂರವನ್ನು ತೆಗೆಯಲು ಈ ಅಧ್ಯಯನವನ್ನು ಆಧಾರವಾಗಿ ಒಡ್ಡುವಂತಿಲ್ಲ.

ಪ್ರಶ್ನೆ: ಒಮ್ಮೆ ಮಾಡಿದ ಆಪರೇಷನ್ ಫಲ ಕೊಡದಿದ್ದರೆ ಮುಂದೇನು?

ಉತ್ತರ: ಮತ್ತೊಮ್ಮೆ ಟ್ರಾಬೆಕ್ಯುಲೆಕ್ಟಮಿ ಮಾಡಬಹುದು, ಅಥವಾ ಕಣ್ಣಿನೊಳಗಿನಿಂದ ಸಣ್ಣ ಸಿಲಿಕೋನ್ ನಳಿಕೆಯೊಂದನ್ನು ತಂದು ಹಿಂಭಾಗದಲ್ಲಿ ಸ್ಕ್ಲೀರಾಕ್ಕೆ ಹೊಲಿದ ತಟ್ಟೆಗೆ ದ್ರವವನ್ನು ಸಾಗಿಸುವ ಸಾಧನವನ್ನು ಇಡಬಹುದು. ಇಂಥ ಸಾಧನಗಳಲ್ಲಿ ಒಂದಾದ ಅಹ್ಮದ್ ವಾಲ್ವ್‌ನಲ್ಲಿ ಹರಿವನ್ನು ಹತೋಟಿಯಲ್ಲಿಡುವ ಕವಾಟವಿದೆ. ಮಧುರೈನ ಆರೋಲ್ಯಾಬ್ ಕಡಿಮೆ ಬೆಲೆಗೆ ತಯಾರಿಸುವ ಸಾಧನದಲ್ಲಿ ಕವಾಟವಿಲ್ಲ. ಕರಗುವ ದಾರದಿಂದ ಕಟ್ಟಿದ ನಳಿಕೆಯು ಐದಾರು ವಾರಗಳ ನಂತರ ತಾನಾಗಿ ತೆರೆದುಕೊಳ್ಳುತ್ತದೆ, ಅಲ್ಲಿಯವರೆಗೆ ಹನಿ ನಿಲ್ಲಿಸುವಂತಿಲ್ಲ. ಮೊದಲೇ ಪೊರೆ ಅಥವಾ ಗ್ಲಾಕೋಮಾದ ಶಸ್ತ್ರಚಿಕಿತ್ಸೆಯಾಗಿದ್ದ 212 ಕಣ್ಣುಗಳನ್ನು ಐದು ವರ್ಷ ಗಮನಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ನಳಿಕೆ ಇಟ್ಟವರಲ್ಲಿ ಸುಮಾರು ಶೇ. 30ರಷ್ಟು, ಟ್ರಾಬೆಕ್ಯುಲೆಕ್ಟಮಿಯಾದವರಲ್ಲಿ ಸುಮಾರು ಶೇ. 47ರಷ್ಟು ಶಸ್ತ್ರಚಿಕಿತ್ಸೆಗಳು ವಿಫಲವಾದವು. ಗ್ಲಾಕೋಮಾ ಶಸ್ತ್ರಚಿಕಿತ್ಸೆಯ ಫಲ ಜೀವನಪರ್ಯಂತ ಉಳಿಯುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು ಎಂಬುದಕ್ಕೆ ಈ ಅಂಕಿಗಳೇ ಸಾಕು.

ಪ್ರಶ್ನೆ: ಗ್ಲಾಕೋಮಾ ಇರುವವರು ಮಲ್ಟಿಫೋಕಲ್ ಲೆನ್ಸ್ ಹಾಕಿಸಿಕೊಳ್ಳಬಹುದೇ?

ಉತ್ತರ: ನರಕ್ಕೆ ಗಣನೀಯ ಹಾನಿಯಾಗಿದ್ದರೆ ಬೇಡ. ಬೆಳಕನ್ನು ಹಂಚಿ ದೂರ ಮತ್ತು ಹತ್ತಿರದ ನೋಟವನ್ನು ಕೊಡುವ ಆ ಮಸೂರವು ಛಾಯೆಗಳ ನಡುವಿನ ವ್ಯತ್ಯಾಸವನ್ನು ಗುರುತಿಸುವ ಶಕ್ತಿಯನ್ನು ತಗ್ಗಿಸುತ್ತದೆ. ಗ್ಲಾಕೋಮಾ ಆ ಶಕ್ತಿಯನ್ನು ಮೊದಲೇ ಕುಗ್ಗಿಸಿರುತ್ತದೆ. ಕಡಿಮೆ ಬೆಲೆಯ ಏಕಕೇಂದ್ರದ ಮಸೂರವೇ ಇಂಥವರಿಗೆ ಹೆಚ್ಚು ಹಿತ.

ಪ್ರಶ್ನೆ: ಟ್ರಾಬೆಕ್ಯುಲೆಕ್ಟಮಿಯಾದ ಮೇಲೆ ಯಾವ ಎಚ್ಚರಿಕೆ ಬೇಕು? ಎಷ್ಟು ದಿನ?

ಉತ್ತರ: ಮೊದಲ ಕೆಲವು ವಾರ ಕಣ್ಣನ್ನು ಉಜ್ಜುವುದು, ಭಾರ ಎತ್ತುವುದು, ತಲೆ ಕೆಳಗೆ ಮಾಡಿ ಬಗ್ಗುವುದು ಬೇಡ, ಕೊಳಕು ನೀರು ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ಶೀರ್ಷಾಸನವು ತಲೆಕೆಳಗಾಗಿರುವಷ್ಟು ಹೊತ್ತೂ ಕಣ್ಣಿನ ಒತ್ತಡವನ್ನು ಏರಿಸುತ್ತದೆಯಾದ್ದರಿಂದ ಗ್ಲಾಕೋಮಾ ಇರುವವರು ಅದನ್ನು ಶಾಶ್ವತವಾಗಿ ಬಿಡುವುದೇ ಒಳ್ಳೆಯದು. ಆಸ್ಪತ್ರೆಯಲ್ಲಿ ಬರೆದುಕೊಟ್ಟ ಸ್ಟೀರಾಯ್ಡ್ ಹನಿಯನ್ನು ಹೇಳಿದಷ್ಟು ದಿನ ತಪ್ಪದೆ ಹಾಕಬೇಕು. ಆದರೆ ಅದೇ ಚೀಟಿಯನ್ನು ಹಿಡಿದು ಔಷಧಿ ಅಂಗಡಿಯಲ್ಲಿ ಮತ್ತೆ ಮತ್ತೆ ಕೊಳ್ಳುತ್ತಾ ಹೋದರೆ ಆ ಹನಿಯೇ ಒತ್ತಡವನ್ನು ಏರಿಸಬಲ್ಲದು.

ಬ್ಲೆಬ್ ಇರುವವರೆಗೂ ಸೋಂಕಿನ ಅಪಾಯ ಇದ್ದೇ ಇರುತ್ತದೆ. ಶಸ್ತ್ರಚಿಕಿತ್ಸೆಯಾಗಿ ಹತ್ತು ವರ್ಷ ಕಳೆದಿದ್ದರೂ ಆ ಕಣ್ಣು ಕೆಂಪಾಗಿ, ನೋವು, ಕೀವು, ನೀರು ಸುರಿಯುವುದು ಅಥವಾ ನೋಟ ಮಂಜಾಗುವುದು ಕಂಡರೆ, ಅದನ್ನು ಸಾಮಾನ್ಯ ಕಣ್ಣುಬೇನೆ ಎಂದುಕೊಂಡು ಮನೆಮದ್ದು ಮಾಡದೆ, ಅಂಗಡಿಯಿಂದ ಹನಿ ತಂದು ಬಿಡದೆ, ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಿ, ಟ್ರಾಬೆಕ್ಯುಲೆಕ್ಟಮಿ ಆಗಿರುವ ಕಣ್ಣು ಎಂಬುದನ್ನು ಮೊದಲ ಮಾತಾಗಿ ಹೇಳಬೇಕು.