ತೇಡೆಯ ಅಂಗುಳ ನೋಡಿದವರಿಗೆ

ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ಮೀಸೆಯ ಸಮುದ್ರಮೀನೆಲ್ಲ ‘ತೇಡೆ’. ಒಂದೇ ಬುಟ್ಟಿಯಲ್ಲಿ ಹಲವು ಪ್ರಭೇದಗಳಿರುತ್ತವೆ. ಏರಿಯಿಡೇ ಕುಟುಂಬದ ಈ ಮೀನುಗಳನ್ನು ಬೇರ್ಪಡಿಸುತ್ತ ನಾನು ಕಲಿತದ್ದು ಇಷ್ಟು.

1. ಬೆನ್ನು, ಭುಜದ ರೆಕ್ಕೆಗಳ ವಿಷಮುಳ್ಳನ್ನು ಮೊದಲು ಇಕ್ಕಳದಿಂದ ಕತ್ತರಿಸಿ. ಸತ್ತ ಮೀನಿನ ಮುಳ್ಳೂ ಚುಚ್ಚುತ್ತದೆ.

2. ಮೀಸೆ ಎಣಿಸಿ. ಹೆಚ್ಚಿನವಕ್ಕೆ ಮೂರು ಜೊತೆ. ಬಿರುಸಾದ ಒಂದೇ ಜೊತೆ ಇದ್ದರೆ ಅದು ಆಸ್ಟಿಯೋಜೀನಿಯೋಸಸ್ ಮಿಲಿಟಾರಿಸ್. ಅಲ್ಲಿಗೆ ಮುಗಿಯಿತು.

3. ಬಣ್ಣವನ್ನು ನೆಚ್ಚಬೇಡಿ, ಮಂಜುಗಡ್ಡೆಯಲ್ಲಿ ಅದು ಕೆಡುತ್ತದೆ. ಬಾಲದ ಹತ್ತಿರದ ಕೊಬ್ಬುರೆಕ್ಕೆಯ ಕಪ್ಪು ಮಚ್ಚೆ ಏರಿಯಸ್ ಮ್ಯಾಕುಲೇಟಸ್‌ನಲ್ಲಿದೆ, ಏರಿಯಸ್ ಜೆಲ್ಲಾದಲ್ಲೂ ಇದೆ.

4. ಬಾಯಿ ಅಗಲಿಸಿ ಅಂಗುಳ ನೋಡಿ, ಬೆರಳಿನಿಂದ ಸವರಿ. ನೆಟುಮಾ ಥಲಾಸಿನಾದಲ್ಲಿ ಹಲ್ಲುಗಳು ಎರಡೂ ಪಕ್ಕ ಮೂರು ಮೂರು ತೇಪೆಗಳಾಗಿ, ತ್ರಿಕೋನದಂತೆ ಕೂತಿರುತ್ತವೆ. ಪ್ಲಿಕೋಫಾಲಿಸ್ ಟೆನುಯಿಸ್ಪೈನಿಸ್‌ನಲ್ಲಿ ಗುಂಡಗಿನ ಹಲ್ಲುಗಳ ತೇಪೆ ಹಿಂದಕ್ಕೆ ಸರಿದಿರುತ್ತದೆ. ಪುಸ್ತಕದ ಚಿತ್ರವೊಂದನ್ನೇ ನಂಬಿ ಹೆಸರಿಡಬೇಡಿ: ತೇಪೆಯ ಆಕಾರ ವಯಸ್ಸಿನೊಡನೆ ಬದಲಾಗುತ್ತದೆ, ಬಾಯಲ್ಲಿ ಮೊಟ್ಟೆ ಹೊತ್ತ ಗಂಡಿನಲ್ಲಿ ಮಾಂಸದಡಿ ಮುಚ್ಚಿಹೋಗಲೂಬಹುದು. ಆದ್ದರಿಂದ ಗಂಡು, ಹೆಣ್ಣು, ಮರಿ ಮೂರನ್ನೂ ನೋಡಿ. ಮೊದಲೆರಡು ಕಿವಿರು ಕಮಾನುಗಳ ಹಿಂಬದಿಯಲ್ಲಿ ಮುಳ್ಳುಗಳಿವೆಯೇ, ನೆತ್ತಿಯ ಎಲುಬಿನ ಚಾಚು ಅಗಲವೋ ಕಿರಿದೋ ಎಂಬುದನ್ನೂ ಜೊತೆಗೆ ಬರೆದುಕೊಳ್ಳಿ.

5. ಹಳೆಯ ವರದಿಗಳನ್ನು ಓದುವಾಗ ಹೆಸರಿನ ಬಗ್ಗೆ ಎಚ್ಚರವಿರಲಿ. ನಮ್ಮ ಬರಹಗಳಲ್ಲಿ ದಶಕಗಳ ಕಾಲ ಇವುಗಳಲ್ಲಿ ಹೆಚ್ಚಿನವು ‘ಟಾಕಿಸೂರಸ್’ ಆಗಿದ್ದವು. ಆ ಹೆಸರು ನಿಜಕ್ಕೂ ಸಲ್ಲುವುದು ಚೀನಾದ ಸಿಹಿನೀರಿನ ಬೇರೊಂದು ಕುಟುಂಬದ ಮೀನಿಗೆ. ಪ್ಲಿಕೋಫಾಲಿಸ್ ಕುಲಕ್ಕೆ ಪೆಟ್ರೀಶಿಯಾ ಕೈಲೋಲಾ ಹೆಸರಿಟ್ಟದ್ದು 2004ರಲ್ಲಿ. ನಾನು ದಾಖಲೆಯಲ್ಲಿ ಹಳೆಯದು, ಹೊಸದು ಎರಡನ್ನೂ ಬರೆಯುತ್ತೇನೆ.

6. ಇಷ್ಟೆಲ್ಲ ಶ್ರಮ ಏಕೆ? ಇವುಗಳ ಗಂಡು, ಒಂದು ಸೆಂಟಿಮೀಟರಿಗಿಂತಲೂ ದಪ್ಪದ ಮೊಟ್ಟೆಗಳನ್ನು ಬಾಯಲ್ಲೇ ಹೊತ್ತು, ಮರಿಯಾಗುವವರೆಗೆ ಉಪವಾಸವಿರುತ್ತದೆ. ಹೆಣ್ಣು ಇಡುವುದೇ ಹತ್ತಾರು ಮೊಟ್ಟೆ. 1980ರ ಆಸುಪಾಸಿನಲ್ಲಿ ನಮ್ಮ ಕರಾವಳಿಯ ಪರ್ಸೀನ್ ಬಲೆಗಳಿಗೆ ಟೆನುಯಿಸ್ಪೈನಿಸ್‌ನ ಇಂಥ ಗಂಡುಗಳ ಹಿಂಡು ಹಿಂಡೇ ಸಿಕ್ಕವು, ಮೊಟ್ಟೆಗಳೂ ಹಾಳಾದವು. ಎಲ್ಲವನ್ನೂ ‘ತೇಡೆ’ ಎಂದು ಒಟ್ಟಿಗೆ ತೂಗಿದರೆ, ಒಂದು ಪ್ರಭೇದ ಕರಗುತ್ತಿರುವುದು ಇನ್ನೊಂದರ ತೂಕದಲ್ಲಿ ಮುಚ್ಚಿಹೋಗುತ್ತದೆ. ಬುಟ್ಟಿ ತೂಗುವ ಮುನ್ನ ಬಾಯಿ ತೆರೆದು ನೋಡಿ, ಮೊಟ್ಟೆ ಹೊತ್ತ ಗಂಡನ್ನು ಬೇರೆಯೇ ಎಣಿಸಿ, ತಿಂಗಳನ್ನೂ ಆಳವನ್ನೂ ಅದರ ಮುಂದೆ ಬರೆಯಿರಿ.